ಹತ್ತಿಯ ಧೂಳು, ಸೇದುವವರ ಎದೆ

ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗೇರುತ್ತಿತ್ತು. ವಿಲಾಯತಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿಯೂ ಎದ್ದಿತು.

ಇಂಥ ಗಿರಣಿಗಳಲ್ಲಿ ಹತ್ತಿ ಹಿಂಜುವ ವಿಭಾಗದ ಧೂಳು ಕಾರ್ಮಿಕರ ಎದೆ ಬಿಗಿಸುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನವೇ ಬಾಧೆ ಹೆಚ್ಚು. ಈ ಬಿಸಿನೋಸಿಸ್ ರೋಗ ಭಾರತದ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ಸೇರಿತ್ತು. ತಪ್ಪು ಹತ್ತಿಯ ಎಳೆಯದೋ ಅದರಲ್ಲಿ ಬೆರೆತ ಎಲೆಚೂರಿನದೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಸಂಶಯ ಮುಂದೆ ಹೊರಳಿದ್ದು ಹತ್ತಿಗೆ ಅಂಟಿದ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷದತ್ತ. 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ವಯಂಸೇವಕರು ಹತ್ತಿಧೂಳು ಉಸಿರಾಡಿದರು. ಅವರ ಉಸಿರಿನ ಬಲ ಕುಗ್ಗಿದ್ದು ಧೂಳಿನ ತೂಕಕ್ಕೆ ಅನುಗುಣವಾಗಿ ಅಲ್ಲ, ಅದರಲ್ಲಿದ್ದ ಎಂಡೋಟಾಕ್ಸಿನ್ ಪ್ರಮಾಣಕ್ಕೆ ತಕ್ಕಂತೆ. ಧೂಳನ್ನಷ್ಟೇ ತೂಗುವ ತಪಾಸಣೆ ಸಾಲದೆಂಬುದು ಇದರಿಂದ ಸ್ಪಷ್ಟ.

ಸೇದುವವರ ಪ್ರಶ್ನೆ ಇನ್ನೂ ಜಟಿಲ. ತಂಬಾಕಿನ ಹೊಗೆಯಲ್ಲೇ ಎಂಡೋಟಾಕ್ಸಿನ್ ಇದೆಯೆಂದು 1999ರಲ್ಲಿ ವರದಿಯಾಯಿತು. ಅಂದರೆ ಸೇದುವ ಗಿರಣಿ ಕಾರ್ಮಿಕನಿಗೆ ಅದು ಎರಡು ದಾರಿಯಿಂದ ಸೇರುತ್ತದೆ. ರೋಗವಿಲ್ಲದ ಸೇದುವವರಿಗೆ ಅಳೆದ ಪ್ರಮಾಣದ ಎಂಡೋಟಾಕ್ಸಿನ್ ಉಸಿರಾಡಿಸಿ, ಕಫದಲ್ಲಿ ಹೆಚ್ಚುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಎಣಿಸುವ ಪರೀಕ್ಷೆಗಳೂ ನಡೆದಿವೆ. ಉರಿಯೂತ ತಗ್ಗಿಸುವ ಹೊಸ ಔಷಧಿಗಳನ್ನು ಒರೆಗೆ ಹಚ್ಚಲು ಈ ವಿಧಾನ ಬಳಕೆಯಲ್ಲಿದೆ.