ಕಬ್ಬಿನ ಸೀಮೆಯಿಂದ ಜಪಾನಿನ ವಿಸ್ಕಿಯತ್ತ

ಶಾಹು ಮಹಾರಾಜರು 1895ರಲ್ಲಿ ಕೊಲ್ಹಾಪುರದಲ್ಲಿ ಶಾಹುಪುರಿ ಪೇಟೆ ಕಟ್ಟಿಸಿದರು. ಅಲ್ಲಿ ಬೆಲ್ಲ ಹಿಡಿಯುವ ವ್ಯಾಪಾರಿ ಪೆಂಟಿಯ ಅಂಚು ಮುರಿದು ಮೊದಲು ಬಣ್ಣ ನೋಡುತ್ತಾನೆ, ಬೆರಳಲ್ಲಿ ತಿಕ್ಕಿ ಹರಳು ನೋಡುತ್ತಾನೆ, ಕೊನೆಗೆ ನಾಲಿಗೆಗೆ ಇಟ್ಟುಕೊಳ್ಳುತ್ತಾನೆ. ಸವಳು ನೆಲದ ಕಬ್ಬಾದರೆ ಉಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಅದೇ ಜಿಲ್ಲೆಯ ಗಡಹಿಂಗ್ಲಜದ ನಮ್ಮಂಥ ಕನ್ನಡದ ಮನೆಗಳಲ್ಲೂ ಬೆಲ್ಲವನ್ನು ಹೀಗೆ ನೋಡಿಯೇ ಕೊಳ್ಳುತ್ತಿದ್ದರು. ಇಷ್ಟು ಹದವಾದ ನಾಲಿಗೆಯ ಊರಿನಲ್ಲಿ ಮದ್ಯಕ್ಕೆ ಮಾತ್ರ ರುಚಿಯ ಪಾಠ ಬೆಳೆಯಲಿಲ್ಲ.

ಅದಕ್ಕೆ ಕಾಯ್ದೆಯೂ ಒಂದು ಕಾರಣ. ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಪಾನನಿಷೇಧ ಕಾಯ್ದೆ ಬಂತು. ಕುಡಿಯುವವರು ಕದ ಹಾಕಿಕೊಂಡು ಗಟಗಟನೆ ಮುಗಿಸಿ ಬಾಯಿ ಒರೆಸಿಕೊಳ್ಳುವುದನ್ನು ಕಲಿತರು. ಕುಡಿಯಲು ಪರವಾನಗಿ ಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿ ಇನ್ನೂ ಇದೆ.

ಆಮೇಲೆ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದವು. ಇಚಲಕರಂಜಿಯ ಮಗ್ಗಗಳ ಮಗ್ಗುಲಲ್ಲೇ ಸಹಕಾರಿ ಮುಖಂಡ ರತ್ನಾಪ್ಪಣ್ಣಾ ಕುಂಭಾರರು ಪಂಚಗಂಗಾ ಕಾರ್ಖಾನೆ ಕಟ್ಟಿದರು. ನಾನು ಇಂಥದೇ ಒಂದು ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಮಿಸ್ಟನಾಗಿದ್ದೆ. ಒಂದು ಟನ್ ಕಾಕಂಬಿಯಿಂದ ಸುಮಾರು 220ರಿಂದ 250 ಲೀಟರ್ ಸ್ಪಿರಿಟ್ ಇಳಿಯುತ್ತದೆ. ಅದನ್ನು ಶೇ 96ರವರೆಗೆ ಶುದ್ಧಮಾಡಿ, ಸ್ಯಾಂಪಲ್ಲಿಗೆ ನೀರು ಬೆರೆಸಿ ಮೂಸಿ ನೋಡುವುದು ನನ್ನ ಕೆಲಸ. ಏನೂ ವಾಸನೆ ಇಲ್ಲದಿದ್ದರೆ ಮಾಲು ಪಾಸು. ಇಂಥ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ (ಮೊಳಕೆ ಬಾರ್ಲಿಯಿಂದ ಇಳಿಸಿದ ಮದ್ಯ), ಬಣ್ಣಕ್ಕೆ ಸುಟ್ಟ ಸಕ್ಕರೆ ಸೇರಿಸಿದರೆ ನಮ್ಮ ದೇಶದಲ್ಲಿ ಅದು ವಿಸ್ಕಿ. ಯುರೋಪಿನಲ್ಲಿ ಆ ಹೆಸರಿಗೆ ಅನುಮತಿಯಿಲ್ಲ.

ಜಪಾನೂ ಈ ದಾರಿಯಲ್ಲೇ ನಡೆದು ಬಂದದ್ದು ಎಂದು ಓದಿದಾಗ ನನಗೆ ಧೈರ್ಯ ಬಂತು. ಅಲ್ಲಿನ ಮಸತಾಕಾ ತಾಕೆತ್ಸುರು ಎಂಬ ಯುವಕ 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ವಿಸ್ಕಿಯ ವಿದ್ಯೆ ಕಲಿತು ಬಂದ. ಮದ್ಯದ ವ್ಯಾಪಾರಿ ಶಿಂಜಿರೊ ತೊರಿಯ ಯಮಝಾಕಿ ಡಿಸ್ಟಿಲರಿಯ ಕಟ್ಟಡ ಶುರುವಾದದ್ದು 1923ರಲ್ಲಿ. ಆದರೂ ಯುದ್ಧದ ನಂತರ ಅಲ್ಲಿ ಹೆಚ್ಚು ಖರ್ಚಾದದ್ದು ಮೂರನೇ ದರ್ಜೆಯ ವಿಸ್ಕಿ. ಅದರಲ್ಲಿ ಮಾಲ್ಟ್ ಶೇ 5ಕ್ಕಿಂತ ಕಡಿಮೆ, ಮಿಕ್ಕಿದ್ದು ಬರೀ ಆಲ್ಕೊಹಾಲ್. ಅಲ್ಲಿಂದ ಮೇಲೆದ್ದು 1989ರಲ್ಲಿ ಹಿಬಿಕಿಯಂಥ ಬ್ಲೆಂಡ್ ಮಾಡಿದರು. ಅಲ್ಲಿನ ಕಂಪನಿಗಳಲ್ಲಿ ಪೀಪಾಯಿಗಳನ್ನು ಪರಸ್ಪರ ಮಾರಿಕೊಳ್ಳುವ ರೂಢಿಯಿಲ್ಲ. ಹಾಗಾಗಿ ಒಂದೇ ಡಿಸ್ಟಿಲರಿ ಬೇರೆ ಬೇರೆ ಆಕಾರದ ಭಟ್ಟಿ, ಬೇರೆ ಬೇರೆ ಮರದ ಪೀಪಾಯಿ ಇಟ್ಟುಕೊಂಡು ಹತ್ತಾರು ಬಗೆಯ ಮಾಲ್ಟ್ ಇಳಿಸುತ್ತದೆ. ಅವನ್ನು ಹದವಾಗಿ ಬೆರೆಸುವ ಬ್ಲೆಂಡರ್ ಕೂಡ ನನ್ನಂತೆಯೇ ನೀರು ಬೆರೆಸಿ ಮೂಸುತ್ತಾನೆ, ಆದರೆ ಏನಿದೆ ಎಂದು ಹುಡುಕಲು. ಜಪಾನಿನ ಮಿಝುನಾರಾ ಓಕ್‌ನಿಂದ ಬರುವ ಗಂಧದಕಡ್ಡಿಯಂಥ ಪರಿಮಳವನ್ನು ಅವನು ಕಾಪಾಡುತ್ತಾನೆ. ವಾಸನೆ ಅಳಿಸುವುದರಲ್ಲೇ ನನ್ನ ವಿದ್ಯೆಯೆಲ್ಲ ಕಳೆಯಿತೆಂಬುದು ನನಗೆ ನಿಜವಾಗಿ ನೋವಿನ ಸಂಗತಿ. ಜಪಾನಿನ ತಯಾರಕರ ಸಂಘ 2021ರಲ್ಲಿ ತಂದ ನಿಯಮದ ಪ್ರಕಾರ ‘ಜಪಾನಿ ವಿಸ್ಕಿ’ ಎನ್ನಿಸಿಕೊಳ್ಳಲು ಮೊಳಕೆ ಧಾನ್ಯ ಬಳಸಲೇಬೇಕು, ಭಟ್ಟಿ ಇಳಿಸುವುದೂ ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಇಡುವುದೂ ಜಪಾನಿನಲ್ಲೇ ಆಗಬೇಕು.

ಕಬ್ಬಿನ ಮದ್ಯಕ್ಕೆ ಬಾರ್ಲಿಯ ಹೆಸರು ಬೇಕಾಗಿಯೇ ಇಲ್ಲ. 2004ರಲ್ಲಿ ಗ್ಲಾಸ್ಗೊದಲ್ಲಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಕಂಪನಿ ಈಗ ಬೆಲ್ಲದಿಂದಲೇ ಇಳಿಸಿದ ರಮ್ಮನ್ನು ‘ಬೆಲ್ಲ’ ಎಂಬ ಹೆಸರಿನಲ್ಲೇ ಮಾರುತ್ತಿದೆ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ನಮ್ಮ ಕಾರ್ಖಾನೆಗಳು ಆ ಬೆಲ್ಲದಿಂದ ಇಳಿಸಿದ ಮದ್ಯವನ್ನು ನಾಲ್ಕೈದು ವರ್ಷ ಮರದ ಪೀಪಾಯಿಯಲ್ಲಿಟ್ಟು, ಹೊರತೆಗೆದ ದಿನ ಮೊದಲ ಗುಟುಕನ್ನು ಶಾಹುಪುರಿಯ ವ್ಯಾಪಾರಿಗಳ ಕೈಗೇ ಕೊಡಬೇಕು.