ಕಬ್ಬಿನ ಹೊಗೆ, ಮೋಡದ ಹನಿ, ನಮ್ಮ ಉಸಿರು

ಮ್ಯಾಕ್ವೆರಿ ಪಾರ್ಕ್‌ನಲ್ಲಿ ಮೆಟ್ರೋ ಹತ್ತಿ ಪಶ್ಚಿಮಕ್ಕೆ ಹೊರಟರೆ ಎರಡನೆಯ ನಿಲ್ದಾಣ ಎಪ್ಪಿಂಗ್. ಅಲ್ಲಿನ ಅಕ್ಕಿ, ಬೇಳೆ ಅಂಗಡಿಗಳು ನಿಮಗೆ ಗೊತ್ತಿರಬಹುದು. ಆದರೆ ಮೋಡದ ಒಳಗೆ ಏನಿದೆ ಎಂದು ಜಗತ್ತಿಗೆ ಹೇಳಿಕೊಟ್ಟ ಕೆಲವರು ಒಂದು ಕಾಲಕ್ಕೆ ಅದೇ ಎಪ್ಪಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದರು ಎಂಬುದು ಗೊತ್ತೇ? ಇಂದಿನ ಮಾತು ಅವರ ಬಗ್ಗೆ, ಅವರು ಅಳೆದ ಕಣಗಳ ಬಗ್ಗೆ.

ಗಾಳಿಯಲ್ಲಿ ತೇಲುವ ಧೂಳು, ಹೊಗೆ, ಸಮುದ್ರದ ಉಪ್ಪು, ಹೂವಿನ ಪರಾಗ ಇವೆಲ್ಲಕ್ಕೂ ವಿಜ್ಞಾನಿಗಳು ಇಟ್ಟ ಒಂದೇ ಹೆಸರು ಏರೋಸಾಲ್. ನಾವು ತೇಲುಕಣ ಎನ್ನೋಣ. ಆಕಾಶದಲ್ಲಿ ನೀರಾವಿ ತಾನಾಗಿ ಹನಿಯಾಗುವುದಿಲ್ಲ. ಕೂತುಕೊಳ್ಳಲು ಅದಕ್ಕೊಂದು ಕಣ ಬೇಕು. ಬೀಜವಿಲ್ಲದೆ ಪೈರಿಲ್ಲ, ಕಣವಿಲ್ಲದೆ ಮೋಡವಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಸಿಡ್ನಿಯಲ್ಲಿ ರೇಡಾರ್ ತಜ್ಞರ ದೊಡ್ಡ ತಂಡವೊಂದಿತ್ತು. ಯುದ್ಧವಿಲ್ಲದ ಮೇಲೆ ರೇಡಾರ್‌ಗೇನು ಕೆಲಸ? ತಂಡದ ಮುಖ್ಯಸ್ಥ, ವೇಲ್ಸ್‌ನ ಇ. ಜಿ. ಬೋವೆನ್, ಅದನ್ನು ಮೋಡಗಳ ಕಡೆಗೂ ತಿರುಗಿಸಿದರು. 1947ರ ಫೆಬ್ರವರಿ 5ರಂದು ಕ್ರೌಸ್ ಮತ್ತು ಸ್ಕ್ವೈರ್ಸ್ ಎಂಬ ಇಬ್ಬರು ಬಾಥರ್ಸ್ಟ್ ಸಮೀಪ ವಿಮಾನದಿಂದ ಮೋಡಕ್ಕೆ ಡ್ರೈ ಐಸ್ ಸುರಿದರು. ಮೋಡ ಬೆಳೆಯಿತು, ಮಳೆ ನೆಲಕ್ಕೆ ಬಿತ್ತು. 2003ರ 'ವರುಣ', 2017ರ 'ವರ್ಷಧಾರೆ' ಎಂದು ಕರ್ನಾಟಕ ಸರ್ಕಾರ ನಡೆಸಿದ ಮೋಡ ಬಿತ್ತನೆಗಳ ಹಿರಿಯಜ್ಜ ಆ ದಿನದ ಪ್ರಯೋಗ.

ಆದರೆ ಎಲ್ಲ ಕಣವೂ ಮಳೆ ತರುತ್ತದೆಯೇ? ಇಲ್ಲೇ ಕಬ್ಬಿನ ಕಥೆ ಬರುವುದು. ನಿಮ್ಮಲ್ಲಿ ಮಂಡ್ಯ ಮೂಲದವರಿದ್ದರೆ ಆಲೆಮನೆಯ ಹೊಗೆ, ಗದ್ದೆಯಲ್ಲಿ ಸೋಗೆ ಸುಡುವ ವಾಸನೆ ಅಜ್ಜಿಯ ಊರಿನ ನೆನಪಾಗಿ ಮೂಗಿನಲ್ಲಿರಬಹುದು. ಕ್ವೀನ್ಸ್‌ಲ್ಯಾಂಡ್‌ನ ಬಂಡಬರ್ಗ್ ಕೂಡ ಕಬ್ಬಿನ ನಾಡು. ಆಗ ಅಲ್ಲಿ ಕಟಾವಿಗೆ ಮೊದಲೇ ಗದ್ದೆಗೆ ಬೆಂಕಿ ಹಾಕಿ ಒಣ ಎಲೆ ಸುಡುತ್ತಿದ್ದರು. ವಾರ್ನರ್ ಮತ್ತು ಐರ್ಲೆಂಡ್ ಮೂಲದ ಶಾನ್ ಟೂಮಿ ವಿಮಾನದಲ್ಲಿ ಹೋಗಿ, ಹೊಗೆ ತಲುಪದ ಮೋಡ ಮತ್ತು ಹೊಗೆ ಹೊಕ್ಕ ಮೋಡ ಎರಡರಲ್ಲೂ ಹನಿಗಳನ್ನು ಎಣಿಸಿದರು. 1967ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಹೊಗೆ ಹೊಕ್ಕ ಮೋಡದಲ್ಲಿ ಹನಿಗಳು ಹೆಚ್ಚು, ಗಾತ್ರ ಚಿಕ್ಕದು. ಹತ್ತು ಜನರ ಅನ್ನವನ್ನು ನೂರು ಜನಕ್ಕೆ ಹಂಚಿದ ಹಾಗೆ. ಅಷ್ಟು ಸಣ್ಣ ಹನಿಗಳು ಕೂಡಿ ಮಳೆಯಾಗುವುದು ಕಷ್ಟ. ಹೊಗೆಯಿಂದ ಆ ಊರುಗಳ ಮಳೆಯೇ ಕಡಿಮೆಯಾಯಿತೇ ಎಂದು ವಾರ್ನರ್ ಹಳೆಯ ದಾಖಲೆಗಳನ್ನೂ ತಡಕಿದರು. ಆ ಪ್ರಶ್ನೆಗೆ ಮಾತ್ರ ಖಚಿತ ಉತ್ತರ ಸಿಗಲಿಲ್ಲ.

ಟೂಮಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಷ್ಟೇ ನೀರು ಹೆಚ್ಚು ಹನಿಗಳಾಗಿ ಒಡೆದರೆ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಹೆಚ್ಚು. ಮೋಡ ಇನ್ನಷ್ಟು ಬೆಳ್ಳಗಾಗಿ ಬಿಸಿಲನ್ನು ಆಕಾಶಕ್ಕೇ ಹಿಂತಿರುಗಿಸುತ್ತದೆ. 1974ರಲ್ಲಿ ಅವರು ಬರೆದ ಈ ಮಾತಿಗೆ ಇಂದು 'ಟೂಮಿ ಪರಿಣಾಮ' ಎಂದೇ ಹೆಸರು. ಅರ್ಥ ಏನು ಗೊತ್ತೇ? ನಮ್ಮ ಹೊಗೆಯೇ ಭೂಮಿಗೆ ಸ್ವಲ್ಪ ಕೊಡೆ ಹಿಡಿದಿದೆ. ಆ ಕೊಡೆಯ ತಂಪು 0ಯಿಂದ 0.8 ಡಿಗ್ರಿ ಇರಬಹುದು ಎಂದು 2021ರ ಐಪಿಸಿಸಿ ವರದಿ ಹೇಳುತ್ತದೆ. ಎಷ್ಟು ಅಗಲದ ಅಂದಾಜು ನೋಡಿ! ಹವಾಮಾನ ವಿಜ್ಞಾನದ ದೊಡ್ಡ ಗಂಟುಗಳಲ್ಲಿ ಇದೂ ಒಂದು. ಬಿಡಿಸುವವರು ನಿಮ್ಮ ತಲೆಮಾರಿನವರೇ ಆಗಬೇಕು.

ಹಾಗಂತ ಹೊಗೆ ಒಳ್ಳೆಯದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ 1999ರಲ್ಲಿ ಹಲವು ದೇಶಗಳ ವಿಜ್ಞಾನಿಗಳೊಂದಿಗೆ ಹಿಂದೂ ಮಹಾಸಾಗರದ ಮೇಲೆ ಇಂಡೋಎಕ್ಸ್ ಅಧ್ಯಯನ ನಡೆಸಿದರು. ದಕ್ಷಿಣ ಏಷ್ಯಾದಿಂದ ಸಮುದ್ರದವರೆಗೆ ಹಬ್ಬಿದ ಸುಮಾರು 3 ಕಿಲೋಮೀಟರ್ ದಪ್ಪದ ಕಂದು ಮಬ್ಬು ಅವರಿಗೆ ಕಂಡಿತು. ಅದರಲ್ಲಿದ್ದ ಮಸಿ ಬಿಸಿಲನ್ನು ಹಿಂತಿರುಗಿಸದೆ ತಾನೇ ಹೀರಿ ಗಾಳಿಯನ್ನು ಬಿಸಿ ಮಾಡುತ್ತಿತ್ತು. ಕೆಳಗೆ ಬದುಕುವ ಜನ ಉಸಿರಾಡುತ್ತಿದ್ದುದೂ ಅದನ್ನೇ.

ಈಗ ಮೆಲ್ಬರ್ನ್‌ಗೆ ಬರೋಣ. ಈ ಭಾಗವನ್ನು ಮನಸ್ಸಿಟ್ಟು ಕೇಳಿ. 2016ರ ನವೆಂಬರ್ 21ರ ಸಂಜೆ, ಬಿಸಿಲಿನಿಂದ ಕಾದಿದ್ದ ನಗರಕ್ಕೆ ಗುಡುಗು ಬಿರುಗಾಳಿ ನುಗ್ಗಿತು. ಗಾಳಿಯ ತುಂಬ ರೈ ಹುಲ್ಲಿನ ಪರಾಗ. ಯುರೋಪಿನಿಂದ ಬಂದವರು ದನಕುರಿಗಳ ಮೇವಿಗೆಂದು ತಂದು ಬಿತ್ತಿದ ಹುಲ್ಲು ಅದು. ಇಡೀ ಪರಾಗಕಣ ದಪ್ಪ, ಮೂಗಿನಲ್ಲೇ ನಿಲ್ಲುತ್ತದೆ. ಆದರೆ ನೀರು ತಾಗಿದರೆ ಒಡೆದು ಸುಮಾರು 700 ಪುಟ್ಟ ಪಿಷ್ಟಕಣಗಳು ಹೊರಬರುತ್ತವೆ, ಅವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು ಎಂದು ಮೆಲ್ಬರ್ನ್ ವಿಶ್ವವಿದ್ಯಾಲಯದವರು 1992ರಲ್ಲೇ ತೋರಿಸಿದ್ದರು. ಆ ಸಂಜೆ ಸಾವಿರಾರು ಜನ ಉಸಿರಿಗಾಗಿ ಒದ್ದಾಡಿದರು. ಹತ್ತು ಜನ ತೀರಿಕೊಂಡರು.

ಆ ಹತ್ತರಲ್ಲಿ ಆರು ಜನ ಏಷ್ಯಾ ಅಥವಾ ಭಾರತ ಮೂಲದವರು. ತುರ್ತು ಚಿಕಿತ್ಸೆಗೆ ಹೋಗಿ ನಂತರ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಶೇ. 39ರಷ್ಟು ಈ ಮೂಲದವರು. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 25. ಬಹುತೇಕರಿಗೆ ಮೊದಲೇ ಹೇ ಫೀವರ್ ಇತ್ತು. ಆದರೆ ತಮಗೆ ಆಸ್ತಮಾ ಇದೆ ಎಂದು ವೈದ್ಯರಿಂದ ತಿಳಿದಿದ್ದವರು ಕಡಿಮೆ.

ಹಾಗಾಗಿ ವಸಂತದಲ್ಲಿ ಅಮ್ಮನೋ ತಮ್ಮನೋ ಸೀನುತ್ತಿದ್ದರೆ "ಬರೀ ನೆಗಡಿ ಬಿಡು" ಎಂದು ಸುಮ್ಮನಾಗಬೇಡಿ, ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಿಕ್ಟೋರಿಯಾ ಸರ್ಕಾರ ಗುಡುಗು-ಆಸ್ತಮಾ ಮುನ್ಸೂಚನೆ ಕೊಡುತ್ತದೆ. ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ಅದನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನಿಮ್ಮದು. ಅಪಾಯ ಹೆಚ್ಚಿರುವ ದಿನ ಬಿರುಗಾಳಿ ಬರುವ ಮುನ್ನ ಎಲ್ಲರೂ ಒಳಗೆ ಸೇರಿ ಕಿಟಕಿ ಮುಚ್ಚಿ. ಪಫರ್ ಇರುವವರು ಅದನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಮೋಡ ಕಂಡರೆ ಹಿಗ್ಗುವ ಜನ ನಾವು. ಹಿಗ್ಗೋಣ, ಆದರೆ ಅದರ ಜೊತೆ ಏನು ಬರುತ್ತಿದೆ ಎಂದು ತಿಳಿದೇ ಹಿಗ್ಗೋಣ.