'ಜ್ಯೂಬಿಲಿ' ಎಂಬ ಪದದ ಹಿಂದಿನ ಕಥೆ

ಶಾಲೆಯ ಗೇಟಿಗೆ ಬ್ಯಾನರ್ ಕಟ್ಟುತ್ತಿದ್ದಾಗ ಊರಿನ ಹಿರಿಯರೊಬ್ಬರು ನಿಂತು ಓದಿ, "ಮೇಷ್ಟ್ರೇ, ಗೋಲ್ಡನ್ ಅಂದ್ರೆ ಚಿನ್ನ, ಗೊತ್ತು. ಈ ಜ್ಯೂಬಿಲಿ ಅಂದ್ರೇನು?" ಎಂದು ಕೇಳಿದರು. "ಐವತ್ತು ವರ್ಷದ ಹಬ್ಬ ಯಜಮಾನ್ರೇ" ಎಂದೆ. ಅವರು ಒಪ್ಪಿಕೊಂಡು ಹೋದರು. ನನಗೆ ಮಾತ್ರ ಅರ್ಧ ಉತ್ತರ ಹೇಳಿದೆನಲ್ಲ ಎನಿಸಿತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪದದ ಮೂಲ ಹೀಬ್ರೂ ಭಾಷೆಯ 'ಯೋಬೆಲ್'. ಹಾಗೆಂದರೆ ಟಗರು, ಟಗರಿನ ಕೊಂಬಿನಿಂದ ಮಾಡಿದ ಕಹಳೆ. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇದರ ನಿಯಮವಿದೆ. ಏಳು ವರ್ಷಗಳ ಏಳು ಸುತ್ತು ಮುಗಿದ ಮೇಲೆ, ಐವತ್ತನೆಯ ವರ್ಷ ನಾಡಿನಲ್ಲೆಲ್ಲ ಕೊಂಬು ಊದಿಸಬೇಕು. ಆ ವರ್ಷ ಬಿತ್ತನೆ ಇಲ್ಲ, ಭೂಮಿಗೆ ವಿಶ್ರಾಂತಿ. ಬಡತನದಿಂದ ಹೊಲ ಮಾರಿಕೊಂಡವನಿಗೆ ಹೊಲ ಮರಳಬೇಕು. ಕಷ್ಟಕ್ಕೆ ತನ್ನನ್ನೇ ಮಾರಿಕೊಂಡು ಜೀತಕ್ಕಿದ್ದವನು ಬಿಡುಗಡೆಯಾಗಿ ತನ್ನ ಮನೆಗೆ ಹೋಗಬೇಕು. ಅಂದರೆ ಜ್ಯೂಬಿಲಿ ಮೊದಲಿಗೆ ಸನ್ಮಾನ, ಮೆರವಣಿಗೆಗಳ ಹಬ್ಬವಾಗಿರಲಿಲ್ಲ. ಕಳೆದುಕೊಂಡವರಿಗೆ ಕಳೆದುಕೊಂಡದ್ದನ್ನು ಹಿಂದಿರುಗಿಸುವ ವರ್ಷವಾಗಿತ್ತು.

ಈ ಪದ ಲ್ಯಾಟಿನ್‌ಗೆ ಹೋದಾಗ ಅಲ್ಲಿ ಸಂತೋಷದಿಂದ ಕೂಗುವುದು ಎಂಬ ಅರ್ಥದ 'ಜುಬಿಲಾರೆ' ಎಂಬ ಬೇರೊಂದು ಪದವಿತ್ತು. ಎರಡರ ಸದ್ದೂ ಹತ್ತಿರವಾದ್ದರಿಂದ ಅರ್ಥಗಳೂ ಬೆರೆತವು. ಬಿಡುಗಡೆಯ ಜೊತೆಗೆ ಸಂಭ್ರಮ ಸೇರಿಕೊಂಡಿತು. 1300ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ರೋಮ್‌ಗೆ ಬರುವ ಯಾತ್ರಿಕರಿಗೆ ಪಾಪಗಳ ಶಿಕ್ಷೆಯಿಂದ ಮಾಫಿ ಸಾರಿದರು. ನೂರು ವರ್ಷಕ್ಕೊಮ್ಮೆ ಎಂದುಕೊಂಡಿದ್ದ ಈ ಆಚರಣೆ ಮುಂದೆ ಐವತ್ತಕ್ಕೆ, ಆಮೇಲೆ ಇಪ್ಪತ್ತೈದಕ್ಕೆ ಇಳಿಯಿತು.

ನಂತರ ಪದ ಅರಮನೆ ಸೇರಿತು. 1809ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಆಳ್ವಿಕೆಯ ಐವತ್ತನೆಯ ವರ್ಷಕ್ಕೆ ಕಾಲಿಟ್ಟಾಗ ಜ್ಯೂಬಿಲಿ ನಡೆಯಿತು. ಸಣ್ಣ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ ಅನೇಕರನ್ನು ಜನ ಚಂದಾ ಎತ್ತಿ ಬಿಡಿಸಿದರು. ಹಳೆಯ ಅರ್ಥ ಪೂರ್ತಿ ಸತ್ತಿರಲಿಲ್ಲ. ಅಮೆರಿಕದಲ್ಲಂತೂ ಗುಲಾಮರಾಗಿದ್ದ ಕಪ್ಪು ಜನರಿಗೆ ಜ್ಯೂಬಿಲಿ ಎಂದರೆ ಸ್ವಾತಂತ್ರ್ಯದ ದಿನವೆಂದೇ ಅರ್ಥ. 1871ರಲ್ಲಿ ನ್ಯಾಶ್ವಿಲ್‌ನ ಫಿಸ್ಕ್ ವಿದ್ಯಾಸಂಸ್ಥೆಯ ಕೆಲವು ವಿದ್ಯಾರ್ಥಿಗಳು ತಮ್ಮ ಶಾಲೆಯನ್ನು ಉಳಿಸಲು ಹಾಡುತ್ತಾ ಊರೂರು ತಿರುಗಿ ಹಣ ಕೂಡಿಸಿದರು. ಅವರಲ್ಲಿ ಹೆಚ್ಚಿನವರು ಹಿಂದೆ ಗುಲಾಮರಾಗಿದ್ದವರು. ಅವರ ತಂಡದ ಹೆಸರು 'ಜ್ಯೂಬಿಲಿ ಸಿಂಗರ್ಸ್'.

ನಮ್ಮ ನಾಡಿಗೆ ಈ ಪದ ರಾಣಿ ವಿಕ್ಟೋರಿಯಾಳ ಕಾಲದಲ್ಲಿ ಬಂತು. ಆಕೆಯ 1887ರ ಸುವರ್ಣ ಮಹೋತ್ಸವದ ನೆನಪಿಗೆ ಮೈಸೂರಿನಲ್ಲಿ ಕಟ್ಟಿಸಿದ ಜ್ಯೂಬಿಲಿ ಕಟ್ಟಡದಲ್ಲೇ ಓರಿಯಂಟಲ್ ಲೈಬ್ರರಿ ನೆಲೆಸಿತು. ಅಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿದರು. 1897ರ ವಜ್ರ ಮಹೋತ್ಸವದ ನೆನಪಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಮೈಸೂರಿನ ದೊಡ್ಡ ಗಡಿಯಾರ 1927ರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ್ದು. ಮುಂದೆ ಪದ ಸಿನಿಮಾ ಟೆಂಟಿನವರೆಗೂ ಇಳಿಯಿತು. 25 ವಾರ ಓಡಿದ ಚಿತ್ರವೂ 'ಸಿಲ್ವರ್ ಜ್ಯೂಬಿಲಿ' ಆಯಿತು. ಕನ್ನಡದಲ್ಲಿ ನಾವು 25ಕ್ಕೆ ರಜತ, 50ಕ್ಕೆ ಸುವರ್ಣ, 60ಕ್ಕೆ ವಜ್ರ, 75ಕ್ಕೆ ಅಮೃತ ಮಹೋತ್ಸವ ಎಂದು ಕರೆದುಕೊಂಡೆವು. ಚಂದದ ಹೆಸರುಗಳೇ. ಆದರೆ 'ಉತ್ಸವ' ಉಳಿಯಿತು, 'ಹಿಂದಿರುಗಿಸುವುದು' ಬಿಟ್ಟುಹೋಯಿತು.

ಈ ಸಂಚಿಕೆಗಾಗಿ ಹಳೆಯ ಹಾಜರಿ ಪುಸ್ತಕಗಳನ್ನು ತೆರೆದಾಗ ನನಗೆ ಅದೇ ನೆನಪಾಯಿತು. ಪ್ರತಿ ವರ್ಷವೂ ಕೆಲವು ಹೆಸರುಗಳ ಮೇಲೆ ಕೆಂಪು ಗೆರೆ. ಮನೆಯ ಸಾಲಕ್ಕೆ ಕೂಲಿಗೆ ಹೋದವರು, ಒಂಬತ್ತನೇ ತರಗತಿಯಲ್ಲೇ ಮದುವೆಯಾದ ಹೆಣ್ಣುಮಕ್ಕಳು. ಕೆಲವು ಗೆರೆಗಳನ್ನು ಎಳೆದದ್ದು ನನ್ನ ಕೈಯೇ. ಅವರಲ್ಲಿ ಎಷ್ಟು ಜನರ ಮನೆಗೆ ಹೋಗಿ ವಿಚಾರಿಸಿದೆ ಎಂದು ಕೇಳಿಕೊಂಡರೆ ತಲೆ ತಗ್ಗುತ್ತದೆ.

ಸಮಾರಂಭದ ಆಹ್ವಾನ ಪತ್ರಿಕೆ ಅವರ ಮನೆಗಳಿಗೂ ಹೋಗಲಿ. ಪಾಸಾದವರಷ್ಟೇ ಅಲ್ಲ, ನಡುವೆ ಬಿಟ್ಟವರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಲು ಮನಸ್ಸಿರುವವರಿಗೆ ಸಂಜೆ ಪಾಠ ಹೇಳಲು ನಾನು ಸಿದ್ಧ. ಶುಲ್ಕ, ಪುಸ್ತಕದ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳು ಹೊತ್ತುಕೊಂಡರೆ, ಆ ಹಿರಿಯರನ್ನು ಮತ್ತೆ ಕಂಡಾಗ ನಾನು ಪೂರ್ತಿ ಉತ್ತರ ಹೇಳಬಲ್ಲೆ.